ಗೋಡೆಯಾಚೆಯಿಂದ ಬಂದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಮೊದಲೆಲ್ಲ ಎದ್ದು ಹೋಗುತ್ತಿದ್ದೆ. ನಗುತ್ತಿರಲಿಲ್ಲ, ವಾದಕ್ಕೂ ಇಳಿಯುತ್ತಿರಲಿಲ್ಲ. ಬೇಸರವಾಗುತ್ತಿತ್ತು, ಅಷ್ಟೆ. ನನ್ನ ಕೆಲಸ ಜಮೀನು ಅಳೆಯುವುದು. ಜಗಳೂರು ಕಡೆಯ ಬಯಲಿನಲ್ಲಿ ಹದ್ದುಗಲ್ಲು ಹುಡುಕಿಕೊಂಡು ಅಲೆಯುವಾಗ ರೈತರು, ಆ ಮರದ ಬುಡದಲ್ಲಿ ಯಾರೋ ಕೂಗಿದರು, ಈ ಹೊಲದಲ್ಲಿ ಯಾರೋ ನಡೆದುಹೋದರು ಎಂದು ಹೇಳುವರು. ನಾನು ಹೂಂ ಎನ್ನುತ್ತ ನಕಾಶೆ ಮಡಚಿಕೊಳ್ಳುತ್ತಿದ್ದೆ. ಕೂಗಿದವರು ಯಾರೋ ದನ ಕಾಯುವವರಿರಬೇಕು, ಇವರಿಗೆ ಗೊತ್ತಾಗಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ಅಂಥದ್ದೇ ಒಂದನ್ನು ನಾನೇ ಹೇಳಲು ಕೂತಿದ್ದೇನೆ. ನಡುವೆ ಎದ್ದು ಹೋಗುವವರಿದ್ದರೆ ನನ್ನದೇನೂ ಬೇಸರವಿಲ್ಲ.

ನ್ಯಾಮತಿ ತಾಲ್ಲೂಕಾದ ಮೇಲೆ ನನಗೆ ಅಲ್ಲಿಗೆ ವರ್ಗವಾಯಿತು. ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಒಂದು ಬಾಡಿಗೆ ಮನೆ ಸಿಕ್ಕಿತು. ಒಂದೇ ಮನೆಯ ನಡುವೆ ತೆಳ್ಳನೆಯ ಇಟ್ಟಿಗೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದರಲ್ಲಿ ನಾನು. ಇನ್ನೊಂದರಲ್ಲಿ ಸರೋಜಮ್ಮ. ಐವತ್ತು ದಾಟಿದ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ರವಿಕೆ ಹೊಲಿದು ಜೀವನ ಮಾಡುತ್ತಿದ್ದರು. ಬಸವಾಪಟ್ಟಣದಲ್ಲಿ ಒಬ್ಬ ತಮ್ಮನಿದ್ದಾನೆಂದು ಮನೆ ಮಾಲೀಕರು ಹೇಳಿದ್ದರು.

ಸರೋಜಮ್ಮನ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಆ ಗೋಡೆಯಿಂದಲೇ. ಬೆಳಗ್ಗೆ ಕೆಮ್ಮು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ದಿನವಿಡೀ ಹೊಲಿಗೆ ಮಷಿನ್ನಿನ ಸದ್ದು. ನನ್ನ ಮಂಚ ಇದ್ದ ಕಡೆಯೇ, ಗೋಡೆಯ ಆಚೆಗೆ, ಅವರ ಮಷಿನ್ನು. ನಳದಲ್ಲಿ ನೀರು ಬರುವ ದಿನ ಮಾತ್ರ ಅವರು ಗೋಡೆಗೆ ಬಳೆಯಿಂದ ಕುಟ್ಟಿ, "ನೀರು ಬಂತ್ರೀ ಸರ್ವೇರೇ!" ಎನ್ನುತ್ತಿದ್ದರು. ನಾನು "ಆತ್ರೀ" ಎನ್ನುತ್ತಿದ್ದೆ. ಎರಡು ವರ್ಷದಲ್ಲಿ ನಮ್ಮ ನಡುವೆ ಅದಕ್ಕಿಂತ ಹೆಚ್ಚು ಮಾತು ನಡೆದ ನೆನಪಿಲ್ಲ.

ನನ್ನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ನನಗೆ ಮದುವೆಯಾಗಿತ್ತು, ನಿಲ್ಲಲಿಲ್ಲ. ಅವ್ವ ತೀರಿಕೊಂಡ ಮೇಲೆ ಚನ್ನಗಿರಿ ಹತ್ತಿರದ ನಮ್ಮೂರಿಗೆ ಹೋಗುವುದೂ ನಿಂತುಹೋಗಿತ್ತು. ಕಚೇರಿಯಲ್ಲಿ ನಾನು ಸಾರ್, ಹಳ್ಳಿಗಳಲ್ಲಿ ಸರ್ವೇರು, ಊಟ ಮಾಡುವ ಖಾನಾವಳಿಯಲ್ಲಿ ಮೂಲೆ ಟೇಬಲ್ಲಿನವರು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಇದನ್ನು ದುಃಖವೆಂದು ಹೇಳುತ್ತಿಲ್ಲ. ಅದು ಅಭ್ಯಾಸವಾಗಿತ್ತು. ಭಾನುವಾರಗಳಷ್ಟೇ ಉದ್ದವಾಗುತ್ತಿದ್ದವು.

ಅದೂ ಒಂದು ಭಾನುವಾರ. ಬೇಸಿಗೆ. ಬೀದಿಯ ಅರ್ಧ ಜನ ಗೋವಿನಕೋವಿಯಲ್ಲಿ ಯಾರದೋ ಮದುವೆಗೆ ಹೋಗಿದ್ದರು. ಊಟ ಮುಗಿಸಿ ಬಂದು ಮಂಚದ ಮೇಲೆ ಬಿದ್ದುಕೊಂಡೆ. ಆಚೆ ಮಷಿನ್ನು ಓಡುತ್ತಿತ್ತು, ಯಾರೋ ಗಿರಾಕಿಯ ಜೊತೆ ಸರೋಜಮ್ಮ ತೋಳಿನ ಅಳತೆಯ ಬಗ್ಗೆ ಮಾತಾಡುತ್ತಿದ್ದರು. ಗಿರಾಕಿ ಹೋದರು. ಮಷಿನ್ನು ನಿಂತಿತು. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಗಿ ಫ್ಯಾನು ನಿಂತಿತು. ನಿದ್ದೆ ಬಂದಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೇಳಿದವರು ಮೊದಲು ಅನುಮಾನಿಸುವುದು ಇದನ್ನೇ. ಬೆವರು ಒರೆಸಿಕೊಳ್ಳುತ್ತ, ತೊಲೆಯ ಸಂದಿನಲ್ಲಿ ಓಡಾಡುತ್ತಿದ್ದ ಅಳಿಲನ್ನು ನೋಡುತ್ತಿದ್ದೆ.

ಆಗ ಗೋಡೆಯಾಚೆಯಿಂದ ಸರೋಜಮ್ಮ ನನ್ನ ಹೆಸರು ಹಿಡಿದು ಕರೆದರು.

ಸರ್ವೇರೇ ಎಂದಲ್ಲ, ನನ್ನ ಹೆಸರು. ನಾನು ಎದ್ದು ಕೂತೆ. ಗಾಬರಿಯ ದನಿಯಲ್ಲ. ನೀರು ಬಂತೆಂದು ಹೇಳುವಷ್ಟೇ ಸಮಾಧಾನವಾಗಿ, ಒಂದೊಂದೇ ಮಾತು ಬಿಡಿಬಿಡಿಯಾಗಿ ಹೇಳಿದರು. "ನೂರಾಎಂಟಕ್ಕೆ ಫೋನ್ ಮಾಡ್ರಿ. ಬಲಗೈ ಎತ್ತಾಕಾಗ್ತಿಲ್ಲ. ಬಾಯಿ ಸೊಟ್ಟ ಆಗೈತೆ. ಮೊದ್ಲು ಫೋನ್ ಮಾಡ್ರಿ, ಆಮೇಲೆ ಬರ್ರಿ. ಹಿತ್ಲ ಬಾಗ್ಲು ತೆಗ್ದೈತೆ."

"ಏನಾತ್ರೀ ಅಮ್ಮಾ?" ಎಂದು ಕೂಗಿದೆ. ಉತ್ತರ ಬರಲಿಲ್ಲ.

ನಾನು ಅವರು ಹೇಳಿದಂತೆಯೇ ಮಾಡಿದೆ. ಮೊದಲು ಫೋನ್ ಮಾಡಿದೆ. ಆ ಕಡೆ ಒಬ್ಬ ಹೆಣ್ಣುಮಗಳು ಕೇಳಿದಳು, "ನೀವು ಈಗ ರೋಗಿಯ ಹತ್ತಿರ ಇದ್ದೀರಾ ಸರ್?"

"ಇಲ್ಲ, ಗೋಡೆ ಈಚೆ ಇದೀನಿ. ಅವರೇ ಹೇಳಿದ್ರು. ಬಲಗೈ ಏಳ್ತಿಲ್ಲವಂತೆ, ಬಾಯಿ ಸೊಟ್ಟ ಆಗಿದೆಯಂತೆ."

"ಗಾಡಿ ಕಳಿಸ್ತಾ ಇದೀವಿ. ನೀವು ಅವರ ಹತ್ತಿರ ಹೋಗಿ. ಒಂದು ಪಕ್ಕಕ್ಕೆ ಮಲಗಿಸಿ. ನೀರು, ಕಾಫಿ, ಮಾತ್ರೆ ಏನೂ ಕೊಡಬೇಡಿ. ಫೋನ್ ಕಟ್ ಮಾಡಬೇಡಿ."

ಸರೋಜಮ್ಮನ ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಯಲ್ಲಿ ಇಣುಕಿದೆ. ಮಷಿನ್ನಿನ ಮುಂದೆ ಸ್ಟೂಲು ಖಾಲಿ ಇತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಮನೆಯ ಪಕ್ಕದ ಸಂದಿಯಲ್ಲಿ ನುಗ್ಗಿ ಹಿತ್ತಲಿಗೆ ಹೋದೆ. ಬಾಗಿಲು ತೆರೆದಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಸರೋಜಮ್ಮ ಬಲಮಗ್ಗುಲಾಗಿ ಬಿದ್ದಿದ್ದರು. ನಳ ಸುರಿಯುತ್ತಿತ್ತು, ಬಕೆಟ್ಟು ಆಗತಾನೆ ತುಂಬಿ ಹೊರಚೆಲ್ಲುತ್ತಿತ್ತು. ಬಾಯಿಯ ಒಂದು ತುದಿ ಕೆಳಕ್ಕೆ ಜಾರಿತ್ತು, ಅಲ್ಲಿಂದ ಜೊಲ್ಲು ಇಳಿಯುತ್ತಿತ್ತು. ಕಣ್ಣುಗಳು ಮಾತ್ರ ನನ್ನನ್ನೇ ನೋಡುತ್ತಿದ್ದವು. ಏನೋ ಹೇಳಲು ಹೋದರು. "ಬ್... ಬ್..." ಎಂಬ ಸದ್ದಷ್ಟೇ ಬಂತು.

ಆಗಿನ್ನೂ ನನಗೆ ಏನೂ ವಿಚಿತ್ರವೆನಿಸಲಿಲ್ಲ. ಕರೆದು ಹೇಳುವಷ್ಟರಲ್ಲಿ ಮಾತು ನಿಂತಿದೆ, ಪಾಪ ಎಂದುಕೊಂಡೆ.

ನನ್ನ ಕೂಗು ಕೇಳಿ ಎದುರು ಮನೆಯ ಹಾಲಪ್ಪನವರು ಬಂದರು. ವಯಸ್ಸಾದವರು, ಒಳ್ಳೆಯವರು. ನೋಡಿದವರೇ ಒಗೆಯುವ ಕಲ್ಲಿನ ಮೇಲಿದ್ದ ಚೆಂಬಿಗೆ ಕೈಹಾಕಿದರು. "ಬಿಸ್ಲಿಗೆ ಪಿತ್ತ ನೆತ್ತಿಗೇರೈತೆ ಬಿಡ್ರಿ. ಒಂದೀಟು ನೀರು ಕುಡಿಸಿ, ಒಳಗೆ ಮಲಗಿಸಾನ. ಒಂದು ನಿದ್ದಿ ಮಾಡಿದ್ರೆ ಸರಿಹೋಗ್ತೈತೆ."

"ನೀರು ಕೊಡಬ್ಯಾಡ್ರಿ. ಆಂಬುಲೆನ್ಸ್ ಬರ್ತೈತೆ."

"ಇದಕ್ಯಾಕ್ರೀ ಆಂಬುಲೆನ್ಸು? ಅದೇನು ಆಕ್ಸಿಡೆಂಟಾ? ಬೀದಿಯೋರು ಏನಂತಾರೆ? ಸಂಜಿ ಮಟ ನೋಡಾನ, ಕಮ್ಮಿ ಆಗ್ಲಿಲ್ಲಂದ್ರೆ ಹೊನ್ನಾಳಿಗೆ ಕರ್ಕೊಂಡು ಹೋದ್ರಾತು."

ಅವರನ್ನು ನಾನು ದೂರುವುದಿಲ್ಲ. ಮೊದಲು ಫೋನ್ ಮಾಡದೆ ಹಿತ್ತಲಿಗೆ ಬಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆಂಬುಲೆನ್ಸ್ ಎಂದರೆ ರಸ್ತೆಯಲ್ಲಿ ರಕ್ತ ಸುರಿಸಿಕೊಂಡು ಬಿದ್ದವರಿಗೆ ಎಂದೇ ನಾನು ತಿಳಿದಿದ್ದೆ. ಇಲ್ಲಿ ರಕ್ತವಿರಲಿಲ್ಲ, ನರಳಾಟವಿರಲಿಲ್ಲ. ಒಬ್ಬ ಹೆಂಗಸು ಸುಮ್ಮನೆ ಮಲಗಿದಂತಿದ್ದರು. ಆದರೆ ಗಾಡಿ ಆಗಲೇ ಹೊರಟಿತ್ತು, ಫೋನು ನನ್ನ ಜೇಬಿನಲ್ಲಿ ಇನ್ನೂ ಮಾತಾಡುತ್ತಿತ್ತು. ಹಾಲಪ್ಪನವರ ಕೈಯಿಂದ ಚೆಂಬು ಇಸಿದುಕೊಂಡು ದೂರ ಇಟ್ಟೆ. ಅವರಿಗೆ ಸಿಟ್ಟು ಬಂತು. ಆದರೂ ಹೋಗಲಿಲ್ಲ, ಟವೆಲ್ಲಿನಿಂದ ಸರೋಜಮ್ಮನ ಮುಖಕ್ಕೆ ಬಿಸಿಲು ಬೀಳದಂತೆ ಹಿಡಿದು ನಿಂತರು.

ಆಂಬುಲೆನ್ಸಿನಲ್ಲಿ ಬಂದ ಹುಡುಗಿ ಮಂಡಿಯೂರಿ ಕೂತು, "ಅಮ್ಮಾ, ಸ್ವಲ್ಪ ನಗ್ರಿ ನೋಡೋಣ. ಎರಡೂ ಕೈ ಎತ್ರಿ," ಎಂದಳು. ಮುಖದ ಎಡಭಾಗ ಮಾತ್ರ ನಕ್ಕಿತು. ಎಡಗೈ ಮಾತ್ರ ಎದ್ದಿತು. ಅವಳು ನನ್ನ ಕಡೆ ತಿರುಗಿದಳು. "ಕೊನೇ ಸಲ ಇವರು ಸರಿಯಾಗಿದ್ದದ್ದು ಯಾವಾಗ ಸರ್? ಇದು ಬಹಳ ಮುಖ್ಯ."

"ಈಗಷ್ಟೇ ಮಾತಾಡಿದ್ರು. ಮಾತಾಡಿ ನನ್ನ ಕರೆದ್ರು. ತಕ್ಷಣ ನಿಮಗೆ ಫೋನ್ ಮಾಡಿದೆ."

ಶಿವಮೊಗ್ಗದ ಒಂದು ಆಸ್ಪತ್ರೆಗೆ ಅವಳೇ ಮೊದಲು ಫೋನ್ ಮಾಡಿ ಸ್ಕ್ಯಾನಿಂಗಿಗೆ ಸಿದ್ಧವಾಗಿರಲು ಹೇಳಿದಳು. ಜೊತೆಗೆ ಯಾರು ಬರುತ್ತೀರಿ ಎಂದಾಗ ನಾನು ಹತ್ತಿದೆ. ಬೇರೆ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಸರೋಜಮ್ಮ ಎಡಗೈಯಲ್ಲಿ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಿದ್ದರು. ಮನುಷ್ಯರ ಕೈ ಅಷ್ಟು ಹೊತ್ತು ನನ್ನ ಮೇಲಿದ್ದು ಎಷ್ಟೋ ಕಾಲವಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರೂ ಅದನ್ನೇ ಕೇಳಿದರು. ಗೋಡೆಯಾಚೆಯಿಂದ ಬಂದ ಮಾತನ್ನು ನಾನು ಇದ್ದಂತೆಯೇ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಬಾಯಿ ಸೊಟ್ಟ ಆಗಿದೆ ಅಂತ ಅವರೇ ಹೇಳಿದ್ರಾ? ಸ್ಪಷ್ಟವಾಗಿ?"

"ಸ್ಪಷ್ಟವಾಗಿ. ಹಿತ್ತಲ ಬಾಗಿಲು ತೆಗೆದಿದೆ ಅಂತಲೂ ಹೇಳಿದ್ರು."

"ಬಾಯಿ ಆ ಪರಿ ಹೋದ ಮೇಲೆ ಅಷ್ಟು ಮಾತು ಹೇಗೆ ಬಂತು?"

ಹಿತ್ತಲಲ್ಲಿ ಕೇಳಿದ ಆ "ಬ್... ಬ್..." ಸದ್ದು ನನಗೆ ಆಗ ನೆನಪಾಯಿತು. ಡಾಕ್ಟರು ಬೇರೆ ರೀತಿಯಲ್ಲಿ ಕೇಳತೊಡಗಿದರು. ಅದಕ್ಕೂ ಮೊದಲು ಮಾತಾಡಿದ್ದನ್ನು ಕೇಳಿದ್ದೀರಾ? ಕೇಳಿದ್ದೆ, ಗಿರಾಕಿಯ ಜೊತೆ, ನನ್ನ ಊಟವಾದ ಮೇಲೆ. ಮಷಿನ್ನು ಓಡಿದ್ದು? ಅದನ್ನೂ ಕೇಳಿದ್ದೆ. "ಸರಿ, ಆ ಹೊತ್ತನ್ನೇ ಇಟ್ಟುಕೊಳ್ಳೋಣ. ಇನ್ನೂ ಸಮಯ ಇದೆ," ಎಂದರು. ಸ್ಕ್ಯಾನಿಂಗ್ ಮಾಡಿ, ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದು ಹೇಳಿ, ಅದನ್ನು ಕರಗಿಸುವ ಇಂಜೆಕ್ಷನ್ ಕೊಟ್ಟರು. ಹೊತ್ತು ಮೀರಿ ಬಂದವರಿಗೆ ಆ ಇಂಜೆಕ್ಷನ್ ಕೊಡುವುದಿಲ್ಲವಂತೆ, ಕೊಟ್ಟರೆ ಜೀವಕ್ಕೇ ಅಪಾಯವಂತೆ. "ಸಂಜೆವರೆಗೆ ನೋಡೋಣ ಅಂತ ಕೂತಿದ್ರೆ ನಮ್ಮ ಕೈಯಲ್ಲೇನೂ ಇರ್ತಿರಲಿಲ್ಲ," ಎಂದರು. ಮಾತು ಹೇಗೆ ಬಂತು ಎಂಬುದನ್ನು ಅವರು ಮತ್ತೆ ಕೇಳಲಿಲ್ಲ. ಅವರಿಗೆ ಬೇರೆ ರೋಗಿಗಳಿದ್ದರು.

ವರಾಂಡದ ಬೆಂಚಿನಲ್ಲಿ ನಾನೊಬ್ಬನೇ ಕೂತಿದ್ದೆ. ಕತ್ತಲಾಗುವ ಹೊತ್ತಿಗೆ, ಮನೆ ಮಾಲೀಕರಿಂದ ಸುದ್ದಿ ತಿಳಿದು, ಬಸವಾಪಟ್ಟಣದಿಂದ ಸರೋಜಮ್ಮನ ತಮ್ಮ ಬಂದರು. "ನೀವ್ಯಾರು ಗೊತ್ತಾಗ್ಲಿಲ್ರೀ," ಎಂದರು. ಗೋಡೆ ಈಚೆಯವನು ಎಂದೆ. ಅವರು ಕೈಮುಗಿದರು. ಕೊನೆಯ ಬಸ್ಸಿಗೆ ನ್ಯಾಮತಿಗೆ ಬಂದು ಮಂಚದ ಮೇಲೆ ಕೂತೆ. ಗೋಡೆಯಾಚೆ ಏನೂ ಸದ್ದಿರಲಿಲ್ಲ. ಕೂತಲ್ಲಿಂದ ಹಿತ್ತಲ ಕಲ್ಲಿನವರೆಗೆ ಎರಡು ಕೋಣೆ, ಒಂದು ನಡುಮನೆ. ಅಲ್ಲಿ ಬಿದ್ದವರ ಮಾತು ಅಷ್ಟು ಹತ್ತಿರದಿಂದ ಕೇಳಲು ಸಾಧ್ಯವೇ ಇರಲಿಲ್ಲ. ಆ ರಾತ್ರಿ ದೀಪ ಆರಿಸಲಿಲ್ಲ.

ಸರೋಜಮ್ಮ ತಮ್ಮನ ಮನೆಯಲ್ಲಿ ಕೆಲವು ತಿಂಗಳಿದ್ದು, ಮಳೆಗಾಲ ಮುಗಿಯುವ ಹೊತ್ತಿಗೆ ಹಿಂತಿರುಗಿದರು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಮಾತು ಬಂದಿತ್ತು, ಆದರೆ ದಪ್ಪವಾಗಿ, ಹುಡುಕಿ ಹುಡುಕಿ ಆಡಬೇಕಾಗಿತ್ತು. ಬಂದ ದಿನವೇ ನನ್ನ ಬಾಗಿಲಿಗೆ ಬಂದು ನಿಂತು, ಬಹಳ ಹೊತ್ತು ತಡಕಾಡಿ ಕೇಳಿದರು, "ನಿಮ್ಮ... ಹೆಸ್ರು... ಏನ್ರೀ? ಒಂದಿನಾನೂ... ಕೇಳ್ಲಿಲ್ಲ ನಾನು."

ನಾನು ಹೇಳಿದೆ. ಅವರು ಅದನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿಕೊಂಡರು, ಮೊದಲ ಬಾರಿಗೆ ಕೇಳಿದವರಂತೆ.

ಒಳಗೆ ಕರೆದು ಕೂರಿಸಿ, ಆ ದಿನ ಏನಾಯಿತೆಂದು ನಿಧಾನವಾಗಿ ಕೇಳಿದೆ. ಅವರಿಗೆ ಚೆನ್ನಾಗಿಯೇ ನೆನಪಿತ್ತು. ನಳ ತಿರುಗಿಸಿದ್ದರು. ನೀರು ಬಂತೆಂದು ನನಗೆ ಹೇಳಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. "ಮೊದ್ಲು ನಾಲ್ಗೆ ಹೋತ್ರೀ. ಆಮೇಲೆ ಕೈ. ಆಮೇಲೆ ಬಿದ್ದೆ."

"ನನ್ನ ಕರೀಲಿಲ್ವೇನ್ರೀ?"

"ಹೆಂಗೆ ಕರೀಲಿ? ಯಾರನ್ನೂ ಕರಿಯಾಕಾಗ್ಲಿಲ್ಲ. ಇಲ್ಲೇ ಸಾಯ್ತೀನಿ, ಯಾರಿಗೂ ಗೊತ್ತಾಗಲ್ಲ... ಅಂದ್ಕಂಡೆ." ನನ್ನ ಕಡೆ ತಿರುಗಿ ಕೇಳಿದರು, "ನಿಮ್ಗೆ ಹೆಂಗೆ ಗೊತ್ತಾತು?"

ನಾನು ನಳದ ಸದ್ದು ಕೇಳಿ ಬಂದೆ ಎಂದೆ. ಒಂಟಿಯಾಗಿ ಮಲಗುವ ಹೆಂಗಸಿಗೆ ಅವರದೇ ದನಿಯ ಕಥೆ ಹೇಳಿ ಹೆದರಿಸಲು ಮನಸ್ಸಾಗಲಿಲ್ಲ.

ಅಂದಿನಿಂದ ಇಂದಿನವರೆಗೆ ನಾನೇ ನನಗೆ ಎಷ್ಟೋ ಸಮಾಧಾನ ಹೇಳಿಕೊಂಡಿದ್ದೇನೆ. ಮನೆ ಮಾಲೀಕರು ಎಂದೋ ನನ್ನ ಹೆಸರು ಹೇಳಿರಬಹುದು, ಕಾಯಿಲೆಯಲ್ಲಿ ಅದು ಸರೋಜಮ್ಮನಿಗೆ ಮರೆತಿರಬಹುದು. ಬಿದ್ದ ಸದ್ದು ನನ್ನ ಕಿವಿಗೆ ತಾಗಿ, ಉಳಿದದ್ದನ್ನು ನನ್ನ ತಲೆಯೇ ಕಟ್ಟಿರಬಹುದು. ಆದರೆ ಯಾವ ಕೈ ಎಂದು ನನ್ನ ತಲೆಗೆ ಹೇಗೆ ಗೊತ್ತು? ಬಾಯಿ ಸೊಟ್ಟಗಾದರೆ ಕಾಯದೆ ಫೋನ್ ಮಾಡಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಅಳತೆಗೆ ಹೋದ ಊರುಗಳಲ್ಲಿ ಮರದ ಕೆಳಗೆ ಕೂತಾಗ ಜನರಿಗೆ ಹೇಳುತ್ತೇನೆ: ಮುಖ ಜಾರಿದರೆ, ಕೈ ಬಿದ್ದರೆ, ಮಾತು ತೊದಲಿದರೆ, ನೀರು ಕುಡಿಸುತ್ತ ಕೂರಬೇಡಿ, ಗಾಡಿ ಕರೆಯಿರಿ ಎಂದು. ಯಾರು ಹೇಳಿಕೊಟ್ಟರು ಸಾರ್ ಎಂದು ಕೇಳಿದರೆ ಡಾಕ್ಟರು ಎನ್ನುತ್ತೇನೆ.

ಮರುವರ್ಷ ನನಗೆ ಮತ್ತೆ ಜಗಳೂರಿಗೆ ವರ್ಗವಾಯಿತು. ಇಲ್ಲಿ ನನ್ನ ಮನೆಯ ಎರಡೂ ಪಕ್ಕ ಖಾಲಿ ಜಾಗ, ಗೋಡೆಯಾಚೆ ಗಾಳಿಯಷ್ಟೇ. ಸರೋಜಮ್ಮ ಅಪರೂಪಕ್ಕೆ ಫೋನ್ ಮಾಡುತ್ತಾರೆ. ಅವರ ಮಾತು ಈಗ ಇನ್ನೂ ಸುಧಾರಿಸಿದೆ. ಆದರೂ ಅದು ಅಂದು ನಾನು ಕೇಳಿದ ದನಿಯಲ್ಲ. ಕಾಯಿಲೆಗೆ ಮುಂಚಿನ ದನಿಯೂ ಅದಾಗಿರಲಿಲ್ಲವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಮಧ್ಯಾಹ್ನ ಒಬ್ಬನೇ ಮಲಗಿದಾಗ ಅದನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಹೇಳಿದ ಮಾತೆಲ್ಲ ಒಂದಕ್ಷರ ತಪ್ಪದೆ ನೆನಪಿಗೆ ಬರುತ್ತದೆ. ಹೇಳಿದವರ ದನಿ ಮಾತ್ರ ಬರುವುದಿಲ್ಲ.