ಜಯಂತಕ್ಕ ಕೇಳಿದ್ದ ಸದ್ದಿಲ್ಲದ ಹಾರ್ಡ್ ಡಿಸ್ಕ್

ಮೂರು ವರ್ಷದ ಹಿಂದಿನ ಫೆಬ್ರವರಿ ತಿಂಗಳು. ಕೊಪ್ಪದಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗಲೇ ಹದಿನೆಂಟು ವರ್ಷವಾಗಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ಕಚೇರಿ, ಶಾಲೆ, ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿ ಬರುವುದು ನನ್ನ ಕೆಲಸ. ಕ್ಯಾಬಿನೆಟ್ ಬಿಚ್ಚದೆ, ಬರೀ ಸದ್ದು ಕೇಳಿಯೇ ಯಾವ ಭಾಗ ಕೆಟ್ಟಿದೆ ಎಂದು ಹೇಳಬಲ್ಲೆ ಎನ್ನುವ ಜಂಬ ನನಗಿತ್ತು. ಆ ಜಂಬ ಹೇಗೆ ಇಳಿಯಿತು ಎನ್ನುವುದನ್ನು ಬರೆಯುತ್ತಿದ್ದೇನೆ.

ಒಂದು ಸೋಮವಾರ ಎನ್.ಆರ್. ಪುರದಿಂದ ಜಯಂತಕ್ಕ ಫೋನ್ ಮಾಡಿದರು. ಅವರು ಮನೆಯಲ್ಲೇ ಜಾಬ್ ಟೈಪಿಂಗ್ ಮಾಡುವವರು. ಅರ್ಜಿ, ಕರಾರುಪತ್ರ, ಮದುವೆಯ ಕಾಗದ, ಎಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ಕಂಪ್ಯೂಟರಿಗೆ ಏನಾಗಿದೆ ಎಂದು ಕೇಳಿದೆ.

"ಎಂತ ಆಗ್ಲಿಲ್ಲ ಮಾರಾಯ್ರೇ. ಸದ್ದು ಮಾಡ್ತದೆ. ಸದ್ದೇ ಇಲ್ದಿರೋ ಹಾರ್ಡ್ ಡಿಸ್ಕ್ ಹಾಕಿ ಕೊಡಿ" ಎಂದರು.

ಮರುದಿನ ಹೋದೆ. ಅವರ ಯಜಮಾನರು ಶೇಷಪ್ಪನವರು ಮೊದಲು ಬಸ್ ಡ್ರೈವರ್ ಆಗಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು, ಕೈಕಾಲು ಎಲ್ಲ ನಿಂತುಹೋಗಿತ್ತು. ಜಯಂತಕ್ಕ ಟೈಪ್ ಮಾಡಲು ಕೂರುವ ಕುರ್ಚಿಯ ಬೆನ್ನಿಗೆ ನಾಲ್ಕಡಿ ದೂರದಲ್ಲಿ ಅವರ ಮಂಚ. ಬೆವರು ಇಳಿಯುವ ಸೆಕೆಯಲ್ಲೂ ಫ್ಯಾನ್ ಹಾಕಿರಲಿಲ್ಲ. ಗೋಡೆಯ ಗಡಿಯಾರದ ಸೆಲ್ ಬೇರೆ ತೆಗೆದಿಟ್ಟಿದ್ದರು.

"ಇವರಿಗೆ ನಿದ್ದೆ ಹಾಳಾಗ್ತದಾ?" ಎಂದು ಕೇಳಿದೆ.

"ಅವರಿಗೆ ಅಲ್ಲ. ನಂಗೆ" ಎಂದರು.

ಸ್ವಲ್ಪ ಕಿರಿಕಿರಿ ಸ್ವಭಾವದ ಹೆಂಗಸು ಎಂದುಕೊಂಡೆ. ಇಷ್ಟೆಲ್ಲ ಕಣ್ಣಿಗೆ ಬಿದ್ದಿದ್ದರೂ ಅಷ್ಟೇ ಅಂದುಕೊಂಡೆ ಎನ್ನುವುದಕ್ಕೆ ಈಗ ನಾಚಿಕೆಯಾಗುತ್ತದೆ.

ಹಾರ್ಡ್ ಡಿಸ್ಕ್ ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ. ಅವರದು ನಿಮಿಷಕ್ಕೆ 7200 ಸುತ್ತಿನದು, ಹಳೆಯದು. ಸದಾ ಗುಂಯ್ ಎನ್ನುತ್ತಿತ್ತು, ಫೈಲ್ ತೆರೆದಾಗ ಕರಕರ ಎನ್ನುತ್ತಿತ್ತು. 5400 ಸುತ್ತಿನದಾದರೆ ಸದ್ದು ಬಹಳ ಕಡಿಮೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಅವರು ಕೇಳಿದ್ದು ಎಸ್‌ಎಸ್‌ಡಿಯನ್ನೇ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಅವರ ಫೈಲುಗಳು ಹಿಡಿಸುವಷ್ಟು ದೊಡ್ಡದು ಬೇಕಾದರೆ ಶಿವಮೊಗ್ಗದಿಂದ ತರಿಸಬೇಕು, ಒಂದು ವಾರವಾಗುತ್ತದೆ. 5400ರದ್ದು ನನ್ನ ಅಂಗಡಿಯಲ್ಲೇ ಇತ್ತು. ಟೈಪಿಂಗ್ ಕೆಲಸಕ್ಕೆ ಇದು ಧಾರಾಳವಾಯಿತು ಎಂದು ನಾನೇ ತೀರ್ಮಾನಿಸಿದೆ.

ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಕಾಪಿ ಮಾಡಿ ಬುಧವಾರ ಹಾಕಿಕೊಟ್ಟೆ. ಜಯಂತಕ್ಕ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತುಂಬಾ ಹೊತ್ತು ಕೇಳಿಸಿಕೊಂಡರು.

"ಇನ್ನೂ ಒಂದು ಚೂರು ಉಂಟಲ್ಲ" ಎಂದರು.

"ಅಷ್ಟು ಇದ್ದೇ ಇರ್ತದೆ ಅಕ್ಕ. ಹಾಕಿದ್ರೆ ಫ್ಯಾನೇ ಇದಕ್ಕಿಂತ ಜಾಸ್ತಿ ಸದ್ದು ಮಾಡ್ತದೆ."

"ಅದಕ್ಕೇ ಹಾಕೋದಿಲ್ಲ" ಎಂದರು.

ಡಿಸ್ಕಿನ ನಡುಕ ಸ್ಕ್ರೂಗಳಿಂದ ಕ್ಯಾಬಿನೆಟ್ಟಿಗೆ, ಅಲ್ಲಿಂದ ಮೇಜಿಗೆ ಇಳಿದು ಆ ಗುಂಯ್ ಬರುತ್ತಿತ್ತು. ನಡುವೆ ರಬ್ಬರ್ ವಾಷರ್ ಕೊಟ್ಟರೆ ಇನ್ನೂ ತಗ್ಗುತ್ತದೆ, ಶುಕ್ರವಾರ ತಂದು ಹಾಕುತ್ತೇನೆ ಎಂದು ಹೇಳಿ ಬಂದೆ. ಶುಕ್ರವಾರ ಶೃಂಗೇರಿಯ ಒಂದು ಕಚೇರಿಯಲ್ಲಿ ಪ್ರಿಂಟರ್ ಕೆಟ್ಟಿತು. ಶನಿವಾರ ಇನ್ನೇನೋ. ವಾಷರ್ ಪೊಟ್ಟಣ ಅಂಗಿಯ ಜೇಬಿನಲ್ಲೇ ಉಳಿಯಿತು. ಯಾರ ಕೆಲಸವೂ ನಿಂತಿಲ್ಲವಲ್ಲ ಎಂಬ ಧೈರ್ಯ.

ಮಂಗಳವಾರ ಹೊರಡುವ ಮೊದಲು ಫೋನ್ ಮಾಡಿದೆ. "ಇನ್ನು ಬೇಡ ಮಾರಾಯ್ರೇ" ಎಂದರು ಜಯಂತಕ್ಕ. ಶೇಷಪ್ಪನವರು ಹಿಂದಿನ ದಿನ ತೀರಿಕೊಂಡಿದ್ದರು.

ಅವತ್ತೇ ಹೋದೆ. ಜಯಂತಕ್ಕ ಅಂಗಳದ ಕಲ್ಲಿನ ಮೇಲೆ ಕೂತಿದ್ದರು. ತಾವಾಗಿಯೇ ಹೇಳಿದರು. ಶೇಷಪ್ಪನವರಿಗೆ ಆಗಾಗ ಕಫ ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತು. ಕೂಗಲು ಬಾಯಿಲ್ಲ, ಕೈ ಆಡಿಸಲು ಬಲವಿಲ್ಲ. ಉಸಿರಿನ ಸದ್ದು ಬದಲಾದ ಕೂಡಲೇ ಇವರು ಎದ್ದು ಮಗ್ಗುಲು ಹೊರಳಿಸಿ ಕಫ ತೆಗೆಯಬೇಕಿತ್ತು. ಎರಡು ವರ್ಷ ಟೈಪ್ ಮಾಡುತ್ತಾ ಬೆನ್ನ ಹಿಂದಿನ ಆ ಉಸಿರನ್ನೇ ಕೇಳಿಸಿಕೊಂಡಿದ್ದರು. ಈಚೆಗೆ ಉಸಿರು ಸಣ್ಣದಾಗಿತ್ತು. ಕಂಪ್ಯೂಟರಿನ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತಿತ್ತು. ಸೋಮವಾರ ಹನ್ನೊಂದು ಗಂಟೆಗೆ ಒಂದು ಅರ್ಜಿ ಮುಗಿಸಿ ಗಂಜಿ ಕುಡಿಸಲು ಎದ್ದಾಗ ಅವರು ಇರಲಿಲ್ಲ.

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಕ್ಕ" ಎಂದೆ.

"ಅವರ ಎದುರಿಗೆ ಹೇಗೆ ಹೇಳೋದು? ಕಿವಿ ಚೆನ್ನಾಗಿ ಕೇಳ್ತಿತ್ತು ಅವರಿಗೆ. ನಿಮ್ಮ ಉಸಿರು ನಿಲ್ತದಾ ಅಂತ ನೋಡ್ತಾ ಕೂತಿದೀನಿ ಅನ್ನೋಕಾಗ್ತದಾ?"

ಫೋನಿನಲ್ಲೂ ಹೇಳುವಂತಿರಲಿಲ್ಲ. ಅವರದು ಲ್ಯಾಂಡ್‌ಲೈನ್, ಅದು ಇದ್ದದ್ದೂ ಅದೇ ಕೋಣೆಯಲ್ಲಿ.

ಕಫ ಸಿಕ್ಕಿದ್ದಲ್ಲ, ಹೃದಯವೇ ನಿಂತಿತ್ತಂತೆ. "ಗೊತ್ತಾಗಿದ್ರೂ ಏನೂ ಮಾಡೋಕಾಗ್ತಿರಲಿಲ್ಲ ಅಂದ್ರು ಡಾಕ್ಟ್ರು" ಎಂದರು ಜಯಂತಕ್ಕ. ನನಗೆ ಸಮಾಧಾನವಾಗಲಿ ಎಂದೇ ಹೇಳಿದರು ಅನಿಸುತ್ತದೆ. ಆಮೇಲೆ, "ಆದ್ರೆ ನಾನು ತಿರುಗಿ ನೋಡ್ತಿದ್ದೆ. ಕೈಯಾದ್ರೂ ಹಿಡ್ಕೊಳ್ತಿದ್ದೆ" ಎಂದರು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ವಾಪಸು ಬರುವ ದಾರಿಯಲ್ಲಿ ಇನ್ನೊಂದು ಹೊಳೆಯಿತು. ಆ ಮನೆಗೆ ಹೊಸ ಡಿಸ್ಕೇ ಬೇಕಿರಲಿಲ್ಲ. ಐದು ಮೀಟರ್ ಕೇಬಲ್ ಎಳೆದು ಕ್ಯಾಬಿನೆಟ್ಟನ್ನೇ ಆಚೆ ಕೋಣೆಯಲ್ಲಿ ಇಡಬಹುದಿತ್ತು. ಮೇಜನ್ನು ಮಂಚದ ಕಡೆಗೆ ತಿರುಗಿಸಿದ್ದರೂ ಸಾಕಿತ್ತು. ಹತ್ತು ನಿಮಿಷದ ಕೆಲಸ. ಈಗಲೂ ಅಂಗಡಿಯಲ್ಲಿ ಕೆಲಸ ಮಾಡುತ್ತಾ ಇದ್ದಕ್ಕಿದ್ದಂತೆ ಎಲ್ಲ ಯಂತ್ರಗಳನ್ನೂ ಆಫ್ ಮಾಡಿ ನಿಂತುಬಿಡುತ್ತೇನೆ. ಬೆನ್ನ ಹಿಂದೆ ಯಾರೋ ಉಸಿರಾಡುತ್ತಿದ್ದವರು ನಿಲ್ಲಿಸಿದಂತೆ ಅನಿಸುತ್ತದೆ. ತಿರುಗಿ ನೋಡಿದರೆ ಹಳೆಯ ಮಾನಿಟರುಗಳು ಮಾತ್ರ ಇರುತ್ತವೆ.

ಗಿರಾಕಿ ಏನು ಬೇಕೆಂದು ಹೇಳುತ್ತಾನೆ, ಯಾಕೆ ಬೇಕೆಂದು ನಾವು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಕಲಿತದ್ದು ತಡವಾಗಿ. ಈಗ ಯಾರಾದರೂ ಸದ್ದಿಲ್ಲದ ಕಂಪ್ಯೂಟರ್ ಬೇಕೆಂದರೆ ಮೊದಲು ಅಂಗಳಕ್ಕೆ ಕರೆಯುತ್ತೇನೆ. ನಿಮಗೆ ಯಾವ ಸದ್ದು ಕೇಳಿಸಬೇಕು ಎಂದು ಕೇಳುತ್ತೇನೆ. ಹೆಚ್ಚಿನವರು ಇದೆಂಥ ಪ್ರಶ್ನೆ ಎಂದು ನಗುತ್ತಾರೆ. ಇದುವರೆಗೆ ಇಬ್ಬರು ಮಾತ್ರ ನಗಲಿಲ್ಲ. ಒಮ್ಮೆ ಮನೆಯೊಳಗೆ ತಿರುಗಿ ನೋಡಿ, ದನಿ ತಗ್ಗಿಸಿ, ಹೇಳಿದರು.