ಬೂಟು ಪಳಗಿಸುವ ಮರಿಲಿಂಗಪ್ಪ

ಮರಿಲಿಂಗಪ್ಪನಿಗೆ ಹೊಸ ಬೂಟು ಕಚ್ಚಲೇ ಇಲ್ಲ. ಕಡೇಚೂರಿನ ಕಾರ್ಖಾನೆಗೆ ಅವನ ಜತೆ ಸೇರಿದವರೆಲ್ಲ ಮೊದಲ ವಾರ ಕುಂಟುತ್ತ ಸೈದಾಪುರಕ್ಕೆ ಮರಳುತ್ತಿದ್ದರೆ, ಇವನೊಬ್ಬ ಮದುಮಗನ ಹಾಗೆ ನೆಟ್ಟಗೆ ನಡೆದು ಬರುತ್ತಿದ್ದ. ಅದನ್ನು ಕಂಡು ಹೆಂಡತಿ ಮಾನಮ್ಮನಿಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಈಗ ನೆನೆದರೆ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಇಪ್ಪತ್ತು ವರ್ಷ ಅವನು ತನ್ನೂರು ಗೋಗಿಯ ಗದ್ದೆಗಳಿಗೆ ಕಾಲುವೆ ನೀರು ಕಟ್ಟಿದವನು. ಒಡ್ಡಿನ ಮೇಲೆ ಬರಿಗಾಲು ಊರಿದರೆ ಸಾಕು, ನೀರು ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದ. ಅಂಗಾಲು ಬಲು ಗಟ್ಟಿ. ಓಣಿಯಲ್ಲಿ ಯಾರೇ ಹೊಸ ಕೆರ ಹೊಲಿಸಲಿ, ಎಣ್ಣೆ ಸವರಿ ಮೊದಲು ಇವನಿಗೆ ಕೊಡುತ್ತಿದ್ದರು. ಎರಡು ದಿನ ಇವನು ಮೆಟ್ಟಿ ತಿರುಗಾಡಿದರೆ ತೊಗಲು ಮೆತ್ತಗಾಗುತ್ತಿತ್ತು. ಪಟ್ಟಿ ಉಜ್ಜಿ ಎಲ್ಲಾದರೂ ಕೆಂಪಾದರೆ ಕಣ್ಣಿಗೆ ಕಾಣುತ್ತಿತ್ತು, ಆಗ ಬಿಚ್ಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ಸಂಜೆ ಕಾಲುವೆಯಲ್ಲಿ ಕೆಸರು ತೊಳೆದುಕೊಂಡೇ ಮನೆಗೆ ಬರುವುದು. ಬೆರಳ ಸಂದಿಯಲ್ಲಿ ಮುಳ್ಳಿದ್ದರೆ ಅಲ್ಲೇ ಕೈಗೆ ಸಿಗುತ್ತಿತ್ತು.

ಸಕ್ಕರೆ ಕಾಯಿಲೆ ಬಂದ ಮೇಲೆ ಶಹಾಪುರದ ಡಾಕ್ಟರು, ಇನ್ನು ಕೆಸರಿನಲ್ಲಿ ಬರಿಗಾಲು ಇಡಬೇಡ ಎಂದರು. ಕಾರ್ಖಾನೆಗೆ ಹೋಗೋಣ ಎಂದವಳು ಮಾನಮ್ಮನೇ. ಅಲ್ಲಿ ಬೂಟು ಕೊಡುತ್ತಾರಂತೆ, ಬೆರಳುಗಳ ಮೇಲೆ ಉಕ್ಕಿನ ಹೊದಿಕೆ ಇರುತ್ತದಂತೆ, ಅಡಿಯಿಂದ ಮೊಳೆ ಕೂಡ ನಾಟುವುದಿಲ್ಲವಂತೆ. ಗಂಡಹೆಂಡತಿ ಸೈದಾಪುರದಲ್ಲಿ ಒಂದು ಖೋಲಿ ಹಿಡಿದರು.

ಬೂಟು ಹೇಳಿದಂತೆಯೇ ಇತ್ತು. ಒಮ್ಮೆ ಕಬ್ಬಿಣದ ಪೈಪು ಬಲಗಾಲಿನ ಮೇಲೇ ಬಿತ್ತು, ಉಗುರಿಗೂ ಏನಾಗಲಿಲ್ಲ. ಹವಾಯಿ ಚಪ್ಪಲಿಯಾಗಿದ್ದರೆ ಬೆರಳೆಲ್ಲ ಜಜ್ಜಿಹೋಗುತ್ತಿದ್ದವು. ಬೂಟನ್ನು ಬೈಯಲು ಬಾಯಿ ಬರುವುದಿಲ್ಲ, ಹೊರಗಿನಿಂದ ಬಂದದ್ದನ್ನೆಲ್ಲ ಅದು ತಡೆಯಿತು.

ಎರಡನೇ ವಾರ, ಜತೆಗೆ ಕೆಲಸ ಮಾಡುವ ಕೆಂಭಾವಿಯ ಖಂಡಪ್ಪ ಬೂಟು ಕೈಯಲ್ಲಿ ಹಿಡಿದುಕೊಂಡು ಖೋಲಿಯ ಬಾಗಿಲಿಗೆ ಬಂದ. ಅವನ ಹಿಮ್ಮಡಿ ಸುಲಿದುಹೋಗಿತ್ತು.

"ಮಾಮಾ, ನಿಮ್ಮ ಕಾಲು ಗಟ್ಟಿ ಅದಾವ. ಎರಡು ದಿನ ನೀವು ಹಾಕ್ಕೊಂಡು ಪಳಗಿಸಿ ಕೊಡ್ರಿ. ಅಲ್ಲೀತನ ನಿಮ್ಮವು ನಾ ಹಾಕ್ಕೋತೀನಿ."

"ಕೊಡಪ್ಪ," ಎಂದು ಮರಿಲಿಂಗಪ್ಪ ನಕ್ಕ. "ಊರಾಗೂ ಇದ ಕೆಲಸ ಮಾಡೀನಿ."

ಖಂಡಪ್ಪನ ಬೂಟು ಒಂದು ಅಳತೆ ಸಣ್ಣದು. ಇವನದೋ ಕೆಸರಿನಲ್ಲಿ ಅಗಲವಾಗಿ ಬೆಳೆದ ಪಾದ. ಆದರೂ ತುರುಕಿದ, ನೋಯಲಿಲ್ಲ. ಖಂಡಪ್ಪನ ನಂತರ ಇನ್ನೊಬ್ಬ ಬಂದ, ಆಮೇಲೆ ಮತ್ತೊಬ್ಬ. ನೀರು ಕಟ್ಟುವ ಕೆಲಸ ಬಿಟ್ಟ ಮೇಲೆ ಯಾರಿಗೂ ಬೇಡವಾದೆ ಎಂದುಕೊಂಡಿದ್ದವನಿಗೆ ಮತ್ತೆ ಒಂದು ಬೆಲೆ ಬಂತು. ಬಂದವರಿಗೆಲ್ಲ ಮಾನಮ್ಮ ಚಹಾ ಮಾಡಿಕೊಟ್ಟಳು. ಬೂಟಿನೊಳಗಿನ ಕಾಲಿಗೆ ಕೆಸರೆಲ್ಲಿ ಹತ್ತಬೇಕು? ಸಂಜೆ ತೊಳೆಯುವ ರೂಢಿ ತಪ್ಪಿತು. ಚಳಿಗಾಲ ಬೇರೆ, ಕಾಲುಚೀಲ ಹಾಕಿಕೊಂಡೇ ಮಲಗುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಖೋಲಿಯಲ್ಲಿ ಕೆಟ್ಟ ವಾಸನೆ. ಇಲಿ ಸತ್ತಿರಬೇಕೆಂದು ಮಾನಮ್ಮ ಟ್ರಂಕು ಸರಿಸಿದಳು, ಜೋಳದ ಚೀಲ ಸರಿಸಿದಳು. ಕೊನೆಗೆ ಅವನ ಬಲಗಾಲಿನ ಚೀಲ ಎಳೆದಳು. ಅದು ಅಂಟಿಕೊಂಡಿತ್ತು. ನೀರು ಹಾಕಿ ಬಿಡಿಸಿದರೆ ಹೆಬ್ಬೆರಳಿನ ಬುಡ ಕಪ್ಪಾಗಿ ಕೊಳೆತಿತ್ತು.

"ನೋಯಂಗಿಲ್ಲೇನ್ರಿ ನಿಮಗ?"

"ಇಲ್ಲಲ್ಲ, ಮಾನಮ್ಮ," ಎಂದ ಅವನು, ಅದೇ ಒಳ್ಳೆಯ ಸುದ್ದಿ ಎಂಬಂತೆ.

ಯಾದಗಿರಿಯ ದವಾಖಾನೆಯಲ್ಲಿ ಡಾಕ್ಟರಮ್ಮ ಕಾಲನ್ನು ಹೊರಳಿಸಿ ನೋಡಿದರು. ಆಮೇಲೆ ಮಾನಮ್ಮನನ್ನು ಹತ್ತಿರ ಕರೆದು, ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನೇ ತಿಂದುಹಾಕಿದೆ, ಅದಕ್ಕೇ ಬೂಟು ಕಚ್ಚಿದ್ದು ಇವರಿಗೆ ಗೊತ್ತಾಗಿಲ್ಲ ಎಂದರು. ಬೆರಳಷ್ಟೇ ಹೋಗುವುದೋ ಪಾದವೇ ಹೋಗುವುದೋ ಈಗಲೇ ಹೇಳಲಾಗದು ಎಂದರು. ಗಟ್ಟಿ ಕಾಲೆಂದು ಊರೆಲ್ಲ ಹೊಗಳಿದ ಕಾಲು ಅದು.

"ಕಣ್ಣು ಮುಚ್ಕೊಳ್ರಿ. ಚುಚ್ಚಿದಾಗೊಮ್ಮೆ ಹೇಳ್ರಿ," ಎಂದು ಡಾಕ್ಟರಮ್ಮ ಸೂಜಿ ತೆಗೆದುಕೊಂಡರು.

ಕಾಲು ಉಳಿಯುವುದು ಈ ಪರೀಕ್ಷೆಯ ಮೇಲೇ ನಿಂತಿದೆ ಎಂದು ಇಬ್ಬರೂ ತಿಳಿದರು. ಹೆಬ್ಬೆರಳಿಗೆ ಸೂಜಿ ತಾಗಿತು, ಮರಿಲಿಂಗಪ್ಪ ಸುಮ್ಮನಿದ್ದ. ಪಾದದ ಮೇಲೆ ತಾಗಿತು, ಸುಮ್ಮನಿದ್ದ. ಮಾನಮ್ಮನಿಗೆ ತಡೆಯಲಾಗಲಿಲ್ಲ. ಅವನ ಭುಜದ ಮೇಲೆ ಕೈ ಇಟ್ಟಳು. ಮುಂದಿನ ಸಲ ಸೂಜಿ ತಾಗಿದಾಗ ಮೆಲ್ಲಗೆ ಒತ್ತಿದಳು.

"ನೋವಾತ್ರಿ," ಎಂದ ಅವನು.

ಮತ್ತೆ ಸೂಜಿ, ಮತ್ತೆ ಒತ್ತಿದಳು. "ನೋವಾತ್ರಿ."

ಡಾಕ್ಟರಮ್ಮ ತಲೆಯೆತ್ತಿ ಅವಳ ಕೈ ನೋಡಿದರು. ಬೈಯಲಿಲ್ಲ. "ಅಮ್ಮಾ, ನೀವು ಆ ಬಾಗಿಲ ಹತ್ರ ನಿಂದರ್ರಿ," ಎಂದಷ್ಟೇ ಹೇಳಿದರು. ಮಾನಮ್ಮ ಕೈ ತೆಗೆದು ಬಾಗಿಲಿಗೆ ಹೋಗಿ ನಿಂತಳು. ಡಾಕ್ಟರಮ್ಮ ಸೂಜಿಯನ್ನು ತಟ್ಟೆಯಲ್ಲಿಟ್ಟು ಕೈ ತೊಳೆಯಲು ಎದ್ದರು.

"ಈಗ ನೋವಾತ್ರಿ," ಎಂದ ಮರಿಲಿಂಗಪ್ಪ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ. ಡಾಕ್ಟರಮ್ಮ ನಳದ ಕೆಳಗೆ ಕೈ ತೊಳೆಯುತ್ತಿದ್ದರು. "ಈಗ ಇನ್ನೂ ಭಾಳ ನೋವಾತ್ರಿ, ಅಮ್ಮಾರ."

ಕಣ್ಣು ತೆರೆಯಿರಿ ಎಂದು ಹೇಳಲು ಮಾನಮ್ಮನಿಗೆ ಬಾಯಿ ಬರಲಿಲ್ಲ.