ಅತ್ತಿಗೆಯ ಹೊಟ್ಟೆ, ಅಣ್ಣನ ಉತ್ತರ

ಆ ಫಾರಂ ನೆನಪಾದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ. ಅದನ್ನು ತುಂಬಿದವಳು ನಾನೇ.

ಚಳ್ಳಕೆರೆಯ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್. ಅಂಡಾಶಯದ ಕ್ಯಾನ್ಸರನ್ನು ಬೇಗ ಪತ್ತೆ ಮಾಡುವ ದಾರಿ ಹುಡುಕುತ್ತಿದ್ದ ಸಂಶೋಧಕರಿಗಾಗಿ ಊರೂರು ತಿರುಗಿ ಹೆಂಗಸರ ರಕ್ತ ತೆಗೆಯುತ್ತಿದ್ದೆ. ನಮ್ಮ ಜೀವಕೋಶಗಳು ಎಕ್ಸೋಸೋಮ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ರಕ್ತಕ್ಕೆ ಬಿಡುತ್ತವೆ. ಗೆಡ್ಡೆಯ ಕೋಶಗಳೂ ಬಿಡುತ್ತವೆ. ಅವುಗಳೊಳಗೆ ಏನಿದೆಯೆಂದು ಓದಲು ಬಂದರೆ ರೋಗ ಬಲಿಯುವ ಮೊದಲೇ ತಿಳಿಯಬಹುದು, ಮುಂದೊಂದು ದಿನ ಅಂಥ ಚೀಲಗಳಲ್ಲೇ ಔಷಧಿ ತುಂಬಿ ಗೆಡ್ಡೆಗೆ ಕಳಿಸಬಹುದು ಎಂದು ನಮಗೆ ವಿವರಿಸಿದ್ದರು. ಹೋಲಿಸಿ ನೋಡಲು ರೋಗವಿಲ್ಲದವರ ರಕ್ತವೂ ಬೇಕಿತ್ತು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಅತ್ತಿಗೆಯನ್ನು ನಾನೇ ಆ ಪಟ್ಟಿಗೆ ಸೇರಿಸಿದೆ.

ಮಾಘದ ಒಂದು ಬೆಳಿಗ್ಗೆ. ಅತ್ತಿಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ನಾನು ಫಾರಂ ಓದಿದೆ. ಹೊಟ್ಟೆ ಉಬ್ಬರವಿದೆಯೇ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆಯೇ, ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆಯೇ? ಒಂದೊಂದಕ್ಕೂ ಜಗುಲಿಯಿಂದ ಅಣ್ಣನೇ ಇಲ್ಲ ಎಂದ.

"ಗುಂಡುಕಲ್ಲಿನಂಗೆ ಐದಾಳೆ, ಬರ್ಕೋ."

ನಾನೂ ನಕ್ಕು ಬರೆದುಕೊಂಡೆ. ರೇಷನ್ ಕಾರ್ಡಿನವರು ಬರಲಿ, ಗಣತಿಯವರು ಬರಲಿ, ನಮ್ಮಲ್ಲಿ ಉತ್ತರ ಕೊಡುವುದು ಮನೆಯ ಗಂಡಸು. ಅವನೆದುರು ಹೆಂಗಸು ಕಿಬ್ಬೊಟ್ಟೆಯ ಮಾತೆತ್ತುವುದಿಲ್ಲ. ಎಂಥ ದರಿದ್ರ ಮರ್ಯಾದೆ ಇದು! ಹೆಂಡತಿ ಎಷ್ಟು ತುತ್ತು ಉಂಡಳೆಂದು ಯಾವ ಗಂಡ ಎಣಿಸಿದ್ದಾನೆ? ಅತ್ತಿಗೆ ಸುಮ್ಮನೆ ತೋಳು ಚಾಚಿದಳು. ರಕ್ತ ತೆಗೆದು, ಟ್ಯೂಬಿಗೆ 'ಆರೋಗ್ಯವಂತೆ' ಎಂಬ ಚೀಟಿ ಅಂಟಿಸಿದೆ.

ಮುಂಗಾರಿನ ಹೊತ್ತಿಗೆ ಅವಳ ಹೊಟ್ಟೆಯಲ್ಲಿ ನೀರು ತುಂಬಿತು. ಸ್ಕ್ಯಾನ್ ಮಾಡಿಸಿದರೆ ಅಂಡಾಶಯದಲ್ಲಿ ಗೆಡ್ಡೆ. ನಾನು ತೆಗೆದ ರಕ್ತ ಇನ್ನೂ ಫ್ರೀಜರಿನಲ್ಲೇ ಇತ್ತು. ಆಸ್ಪತ್ರೆಯ ದಾರಿಯುದ್ದಕ್ಕೂ ಸಂಶೋಧಕರನ್ನು ಬೈದೆ. ಅವರು ಪಾಪ, ಪರೀಕ್ಷೆ ಕೈಗೆ ಬರಲು ವರ್ಷಗಳೇ ಬೇಕೆಂದು ಮೊದಲೇ ಹೇಳಿದ್ದರು.

ಎಷ್ಟು ದಿನದಿಂದ ಹೀಗಿದೆ ಎಂದು ಡಾಕ್ಟರಮ್ಮ ಅತ್ತಿಗೆಯನ್ನು ಕೇಳಿದರು. ಅಣ್ಣ, ಮೊನ್ನೆ ಮೊನ್ನೆಯಿಂದ ಎಂದು ಶುರುಮಾಡಿದ. ನನಗೆ ತಡೆಯಲಾಗಲಿಲ್ಲ. ಹೊರಗೆ ಹೋಗಣ್ಣ ಎಂದು ಗದರಿ ಬಾಗಿಲು ಹಾಕಿದೆ. ಆಗ ಅತ್ತಿಗೆ ಬಾಯಿಬಿಟ್ಟಳು.

"ಕಾರ್ತೀಕದಿಂದ ಐತ್ರೀ. ಮಗ್ಗಕ್ಕೆ ಬಗ್ಗಿದ್ರೆ ಹೊಟ್ಟೆ ಒತ್ತೋದು."

ನಾನು ಸೂಜಿ ಚುಚ್ಚುವುದಕ್ಕೆ ಮೂರು ತಿಂಗಳು ಮೊದಲಿನಿಂದ! ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೇ ರೇಗಿದೆ.

ಅತ್ತಿಗೆ ನನ್ನ ಮುಖ ನೋಡಿದಳು. "ನೀನು ಕೇಳಿದ್ದು ನಿಮ್ಮಣ್ಣನ್ನ ಅಲ್ವೇನೇ?"